ಮಾಮಾ ಅಂಟಿಸಿದ ಪುಟಗಳು

ನಮ್ಮ ಸೋದರಮಾವನ ಮನೆಯಲ್ಲಿ ಕೂತು ಒಂದು ಸಿನಿಮಾ ಪೂರ್ತಿ ನೋಡಿದವರು ಯಾರಾದರೂ ಇದ್ದರೆ ಮುಂದೆ ಬರಲಿ, ಕಾಲಿಗೆ ಬೀಳುತ್ತೇನೆ! ನಾನಂತೂ ನೋಡಿಲ್ಲ. ಕುಷಾಯಿಗೂಡದಲ್ಲಿ ಅವರ ಹಿಂದಿನ ಓಣಿಯಲ್ಲೇ ನನ್ನ ಮನೆ. ಶನಿವಾರ ಸಂಜೆ ತಪ್ಪದೆ ಹೋಗುತ್ತೇನೆ, ಅರ್ಧಂಬರ್ಧ ಕಥೆ ಹೊತ್ತುಕೊಂಡು ವಾಪಸ್ಸು ಬರುತ್ತೇನೆ.

ಮಾಮಾನ ಪದ್ಧತಿ ಹೀಗೆ. ಭಾನುವಾರ ಅಬಿಡ್ಸ್‌ಗೆ ಹೋಗಿ ಫುಟ್‌ಪಾತಿನ ಹಳೇ ಪುಸ್ತಕದ ರಾಶಿ ಕೆದಕಿ ಒಂದು ಮಕ್ಕಳ ಪುಸ್ತಕ ತರುವುದು. ವಾರವಿಡೀ ಮೊಮ್ಮಕ್ಕಳು, ಅಂದರೆ ಗೌರಿ ಮತ್ತು ಅವಳ ತಮ್ಮ ಗುಂಡ್ಯಾ, ಅದನ್ನು ಓದುವುದು. ಶನಿವಾರ ರಟ್ಟಿನ ಮುಖವಾಡ ಮಾಡಿಕೊಂಡು, ಚುರುಮುರಿ ಕಲಸಿಕೊಂಡು, ಅದೇ ಕಥೆಯ ಸಿನಿಮಾವನ್ನು ಟೀವಿಯಲ್ಲಿ ನೋಡುವುದು. ಎಷ್ಟು ಚೆಂದ ಅಲ್ಲವೇ? ತಡೀರಿ, ಅವಸರ ಬೇಡ.

ಹೋದ ವರ್ಷ ಮಾಮಾನ ಒಬ್ಬಳೇ ಮಗಳು, ಈ ಮಕ್ಕಳ ತಾಯಿ, ಜ್ವರವೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಗೌರಿ ಅಂದಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅವ್ವ ಎಂಬ ಮಾತು ಕಿವಿಗೆ ಬಿದ್ದರೆ ಈ ಹುಡುಗಿ ಉಳಿಯುವುದಿಲ್ಲ ಎಂದು ಮಾಮಾನ ಭಯ. ಮಗಳ ಫೋಟೋ ಕಪಾಟು ಸೇರಿತು. ಅವಳ ಹೆಸರೆತ್ತುವುದನ್ನು ನಾವೆಲ್ಲ ಬಿಟ್ಟೆವು. ಆದರೆ ಮಕ್ಕಳ ಪುಸ್ತಕ ಬರೆಯುವವರು ಬಿಡಬೇಕಲ್ಲ! ಅವರಿಗೆ ತಾಯಂದಿರ ಮೇಲೆ ಅದೇನು ಹಗೆಯೋ! ಕರಡಿಯಾಗಲಿ, ರಾಜಕುಮಾರಿಯಾಗಲಿ, ಕಥೆ ಸರಿಯಾಗಿ ಶುರುವಾಗುವುದರೊಳಗೆ ತಾಯಿ ಸತ್ತಿರುತ್ತಾಳೆ.

ಹಾಗಾಗಿ ಮಾಮಾ ಕೊಳ್ಳುವ ಮುಂಚೆ ಫುಟ್‌ಪಾತಿನಲ್ಲೇ ಕುಕ್ಕರಗಾಲಲ್ಲಿ ಕೂತು ಪುಸ್ತಕದ ಸಾವು–ನೋವು ವಿಚಾರಿಸುತ್ತಾರೆ. ವ್ಯಾಪಾರಿಗೂ ರೂಢಿಯಾಗಿದೆ. ದೂರದಿಂದ ಕಂಡ ಕೂಡಲೇ ಕೂಗುತ್ತಾನೆ: “ಆವೋ ಚಾಚಾ, ಇಸ್ ಮೇ ಕೋಯಿ ನಹೀ ಮರ್ತಾ!” ಯಾರೂ ಸಾಯದ ಪುಸ್ತಕವಂತೆ! ಒಮ್ಮೆ ಹಾಗಂದು ಅವನು ಕೈಗಿಟ್ಟದ್ದು ಮಗ್ಗಿ ಪುಸ್ತಕ. ಮಾಮಾ ಅದನ್ನೂ ತಂದರು.

ಯಾರೂ ಸಾಯದ ಪುಸ್ತಕ ವಾರ ವಾರ ಎಲ್ಲಿ ಸಿಗಬೇಕು? ಆಗ ಮಾಮಾ ಅಡುಗೆಮನೆಗೆ ಹೋಗಿ ಮೈದಾ ಹಿಟ್ಟಿನ ಅಂಟು ಕಾಸಲು ಶುರು ಮಾಡಿದರು. ತಾಯಿ ಸಾಯುವ ಪುಟಗಳನ್ನೆಲ್ಲ ಒಂದಕ್ಕೊಂದು ಅಂಟಿಸುವುದು! ಒಂದು ಪುಸ್ತಕದಲ್ಲಿ ಕರಡಿಮರಿ ಜೇನು ತಿನ್ನಲು ಮರ ಹತ್ತಿದ್ದು, ಪುಟ ತಿರುಗಿಸಿದರೆ ಅದರ ಮದುವೆ!

“ಮುತ್ಯಾ, ಇದು ಒಮ್ಮಿಲೇ ಹೆಂಗ ದೊಡ್ಡದಾತು?” ಎಂದು ಅಜ್ಜನನ್ನು ಕೇಳಿದ ಗುಂಡ್ಯಾ.

“ಜೇನು ತಿಂತಲ್ಲೋ, ಅದಕ್ಕ.”

ಅಂದಿನಿಂದ ಗುಂಡ್ಯಾ ಚಪಾತಿಗೂ ಜೇನು ಬೇಡುತ್ತಾನೆ.

ಸಿನಿಮಾಕ್ಕೆ ಅಂಟು ಹಚ್ಚಲು ಬರುವುದಿಲ್ಲ. ಅದಕ್ಕೆ ಮಾಮಾ ಮೊದಲೇ ಒಬ್ಬರೇ ಕೂತು ಸಿನಿಮಾ ನೋಡಿಟ್ಟುಕೊಂಡು, ಶನಿವಾರ ಆ ದೃಶ್ಯ ಬರುತ್ತಲೂ ಟವೆಲ್ ಹಿಡಿದು ಎದ್ದು ಟೀವಿಯ ಧೂಳು ಒರೆಸುತ್ತಾರೆ. ಮಾಮಾನ ದೇಹವೋ, ಟೀವಿಗಿಂತ ಅಗಲ! ಸಾಲದೆಂಬಂತೆ ಗಟ್ಟಿಯಾಗಿ ಒಂದು ಭಜನೆ. ಒಮ್ಮೆ ಅಂದಾಜು ತಪ್ಪಿ ಹಾಡು–ಕುಣಿತವನ್ನೆಲ್ಲ ಒರೆಸಿ, ಸುಸ್ತಾಗಿ ಕೂತರು. ಅಷ್ಟರಲ್ಲಿ ತಾಯಿ ಹಾಸಿಗೆ ಹಿಡಿದಳು. ಮಾಮಾ ಓಡಿಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿಬಿಟ್ಟರು!

“ಕರೆಂಟ್ ಹೋತ ನೋಡ್ರೋ,” ಎಂದರು ಕತ್ತಲಲ್ಲಿ.

“ಬಾಜೂದವರ ಮನ್ಯಾಗ ಐತಲ್ಲ ಮುತ್ಯಾ?”

“ಅವರ ಕಂಬ ಬ್ಯಾರೆ ಐತಿ, ಸುಮ್ನ ಕುಂದ್ರು.”

ನಾನು ನಗುತ್ತಿದ್ದೆ. ನಕ್ಕು ಮನೆಗೆ ಬಂದ ಮೇಲೆ ಊಟ ಸೇರುತ್ತಿರಲಿಲ್ಲ.

ಮೊನ್ನೆ ಶನಿವಾರ ನೀರುನಾಯಿಯ ಕಥೆ. ಹೊಳೆಗೆ ಪ್ರವಾಹ ಬರುತ್ತಿದ್ದಂತೆ ಮಾಮಾ ಟವೆಲ್ ಹಿಡಿದು ಎದ್ದರು. ಗೌರಿ ಮುಖವಾಡ ತೆಗೆದು ಪಕ್ಕಕ್ಕಿಟ್ಟಳು.

“ಮುತ್ಯಾ, ನೀ ಕುಂದ್ರು.”

“ಧೂಳ ಭಾಳ ಐತಿ, ಯವ್ವಾ.”

“ಧೂಳ ಇಲ್ಲ. ಈಗ ಅದರವ್ವ ಸಾಯತೈತಿ. ನನಗ ಗೊತ್ತೈತಿ. ಪುಟಕ್ಕ ನೀರ ಹಚ್ಚಿ ಬಿಡಿಸಿ ಓದೀನಿ. ಎಲ್ಲಾ ಪುಸ್ತಕಾನೂ ಹಂಗ ಓದೀನಿ.”

ಮಾಮಾ ಟವೆಲ್ ಹಿಡಿದು ನಿಂತೇ ಇದ್ದರು.

“ಈ ಮನ್ಯಾಗ ಅವ್ವನ ಮಾತು ಯಾರೂ ಆಡೂದಿಲ್ಲ,” ಎಂದಳು ಗೌರಿ. “ಗುಂಡ್ಯಾಗ ಅಕಿ ಧ್ವನಿ ಮರತೈತಿ. ನನಗೂ ಮರತ ಹೋಗತೈತೇನೋ ಅಂತ ಹೆದರಿಕಿ ಆಗತೈತಿ, ಮುತ್ಯಾ.”

ಮಾಮಾ ಅಲ್ಲೇ ನೆಲದ ಮೇಲೆ ಕೂತರು. ತೆರೆಯ ಮೇಲೆ ನೀರುನಾಯಿಯ ತಾಯಿ ಕೊಚ್ಚಿಹೋಯಿತು. ನಾವು ನಾಲ್ವರೂ ನೋಡಿದೆವು. ಮಗಳನ್ನು ಮಣ್ಣು ಮಾಡಿದ ದಿನವೂ ಮಕ್ಕಳ ಮುಂದೆ ಕಣ್ಣೊರೆಸಿಕೊಳ್ಳದ ಮನುಷ್ಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಹೋ ಎಂದು ಅತ್ತರು. ಗೌರಿ ಅವರ ಬೆನ್ನು ಸವರುತ್ತಿದ್ದಳು.

ಮಾಮಾ ಮೂಗೊರೆಸಿಕೊಂಡು ಹೇಳಿದರು: “ನಿಮ್ಮವ್ವ ಸಣ್ಣಾಕಿದ್ದಾಗ ಪುಸ್ತಕದಾಗಿನ ಹುಲಿಗೆ ಹಸಿವಿ ಆಗೈತಿ ಅಂತ ಚಿತ್ರದ ಮ್ಯಾಲ ಸಾರನ್ನ ಸುರುವಿದ್ಲು. ಬಾ, ತಿನ್ನು, ನಾಚಬ್ಯಾಡ, ಅಂತ ಹುಲಿಗೆ ಹೇಳಾಕತ್ತಿದ್ಲು.”

ಗೌರಿ ಕಿಲಕಿಲ ನಕ್ಕಳು. ನಗುತ್ತಾ ನಗುತ್ತಾ, ಹೋದ ವರ್ಷದಿಂದ ತಡೆದಿಟ್ಟದ್ದನ್ನೆಲ್ಲ ಅತ್ತುಬಿಟ್ಟಳು.

ಗುಂಡ್ಯಾ ಅಕ್ಕನ ಮುಖ ನೋಡಿದ, ಮುತ್ಯಾನ ಮುಖ ನೋಡಿದ. “ಹುಲಿ ಉಂತೇನು ಮುತ್ಯಾ?” ಎಂದ.

“ಉಂತೋ, ನನ್ನಪ್ಪಾ,” ಎಂದರು ಮಾಮಾ. “ನಿಮ್ಮವ್ವ ಉಣಸಿದ್ರ ಯಾರು ಒಲ್ಲೆ ಅಂತಿದ್ರು?”