ನಾಲ್ಕು ತಾಸಿನ ಗಣಿ

ನಗಬಾರದ ಜಾಗದಲ್ಲೇ ನಗು ಬರುವಂಥವು ನಡೆಯುತ್ತಿರುತ್ತವೆ, ಬೇಡವೆಂದರೂ ನಿಲ್ಲುವುದಿಲ್ಲ. ನಾನು ಆಳಂದದಲ್ಲಿ ಟೇಲರ್. ಎರಡೂ ಕಿಡ್ನಿ ಕೆಟ್ಟು ಮೂರು ವರ್ಷವಾಯಿತು. ಸೋಮವಾರ, ಗುರುವಾರ ಡಯಾಲಿಸಿಸ್. ಸೂಜಿ ಚುಚ್ಚಿಸಿಕೊಂಡು ನಾಲ್ಕು ತಾಸು ಮಲಗಬೇಕು. ರಕ್ತ ಯಂತ್ರಕ್ಕೆ ಹೋಗಿ ತೊಳೆಸಿಕೊಂಡು ಬರುತ್ತದೆ. ಆ ಹೊತ್ತಿನಲ್ಲಿ ಅಳಲು ಕಾರಣಗಳು ಬೇಕಾದಷ್ಟಿದ್ದವು. ನಾವು ಮೊಬೈಲಿನಲ್ಲಿ ಗಣಿ ಅಗೆಯುತ್ತಿದ್ದೆವು.

೧. ಇಬ್ಬರು ಸೇರಿ ಒಬ್ಬ

ಪಕ್ಕದ ಮಂಚ ನರೋಣಾದ ನಿವೃತ್ತ ಗಣಿತ ಮಾಸ್ತರರದು. ಅವರಿಗೆ ಇದು ಆರನೇ ವರ್ಷ. ಆಟ ತಂದವರೂ ಅವರೇ. ಪರದೆಯ ತುಂಬ ಕಬ್ಬಿಣ, ತಾಮ್ರ, ಬಂಗಾರದ ಅದಿರು. ಒಂದನ್ನು ಸರಿಸಿ ಒಂದೇ ಬಗೆಯ ಮೂರನ್ನು ಸಾಲಿಗೆ ತಂದರೆ ಅವು ಒಡೆಯುತ್ತವೆ, ಸುರಂಗ ಕೆಳಗಿಳಿಯುತ್ತದೆ. ತಳ ಮುಟ್ಟಿದರೆ ಮುಂದಿನ ಗಣಿ. ಸಹಾಯಕ್ಕೆ ಸುತ್ತಿಗೆ, ಡೈನಮೈಟ್ ಕೊಡುತ್ತಾರೆ. ಅದೂ ಸಾಲದೆ ಇನ್ನೊಂದು ಆ್ಯಪ್ ಇದೆ: ಬೇರೆ ಫೋನಿನಿಂದ ಪರದೆಯ ಫೋಟೋ ಹೊಡೆದರೆ ಯಾವ ಕಲ್ಲನ್ನು ಎತ್ತ ಸರಿಸಬೇಕೆಂದು ಬಾಣ ತೋರಿಸುತ್ತದೆ.

ಎರಡು ಫೋನಿಗೆ ಎರಡು ಕೈ ಬೇಕು. ನನ್ನ ಎಡಗೈಗೆ ಸೂಜಿ. ಮಾಸ್ತರರ ಎಡಗೈ ನರ ಮುಚ್ಚಿಹೋಗಿದ್ದರಿಂದ ಅವರಿಗೆ ಬಲಗೈಗೆ ಸೂಜಿ. ಸೂಜಿಯ ಕೈ ಅಲುಗಿಸುವಂತಿಲ್ಲ. ಹಾಗಾಗಿ ನಡುವಿನ ಸ್ಟೂಲಿನ ಮೇಲೆ ಅವರ ಫೋನ್. ಅವರು ಎಡಗೈಯಿಂದ ಆಡುವುದು, ನಾನು ಬಲಗೈಯಿಂದ ಫೋಟೋ ಹೊಡೆದು ಬಾಣ ಓದಿ ಹೇಳುವುದು.

ಒಂದು ದಿನ ಟೆಕ್ನಿಷಿಯನ್, ಜೇವರ್ಗಿಯ ಹುಡುಗಿ, ಬಿಪಿ ಪಟ್ಟಿ ಹಿಡಿದು ಬಂದಳು. ಬಿಪಿ ನೋಡುವುದು ಸೂಜಿಯಿಲ್ಲದ ಕೈಗೆ. ಇಬ್ಬರೂ ಕೈ ಕೊಡಲಿಲ್ಲ.

"ಟೇಲರ್ ಸಾಹೇಬ್ರದು ನೋಡವಾ, ನನಗೂ ಅದೇ ಬರಕೋ" ಎಂದರು ಮಾಸ್ತರರು.

"ಹಂಗಾರ ಇಬ್ಬರ ಸೂಜೀನೂ ನಿಮಗೇ ಚುಚ್ಚಲೇನ್ರಿ ಸರ?" ಎಂದಳು ಹುಡುಗಿ.

ಇಬ್ಬರೂ ಒಟ್ಟಿಗೆ ಕೈ ಕೊಟ್ಟೆವು.

೨. ಹನ್ನೆರಡು ಸೆಕೆಂಡು

ಕೆಲವು ಗಣಿಗಳಿಗೆ ಗಡಿಯಾರ ಇರುತ್ತದೆ, ಅಷ್ಟರೊಳಗೆ ಮುಗಿಸಬೇಕು. ಅಂಥ ಒಂದು ಗಣಿಯ ನಡುವೆಯೇ ಮಾಸ್ತರರ ಕೈ ಸ್ಟೂಲಿನಿಂದ ಜಾರಿತು. ಯಂತ್ರ ಕೂಗಿಕೊಂಡಿತು. ಬಿಪಿ ಪೂರಾ ಇಳಿದಿತ್ತು. ಹುಡುಗಿ ಓಡಿ ಬಂದು ಕಾಲಿನ ಕಡೆ ಮಂಚ ಎತ್ತಿದಳು, ಸಲೈನ್ ಬಿಟ್ಟಳು, "ಸರ, ಕಣ್ಣ ತೆಗೀರಿ ಸರ" ಎಂದು ಕೆನ್ನೆ ತಟ್ಟಿದಳು.

ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ಟೂಲಿನ ಮೇಲೆ ಇನ್ನೂ ಹನ್ನೆರಡು ಸೆಕೆಂಡು ಉಳಿದಿದ್ದವು. ಕೈ ಚಾಚಿ ಡೈನಮೈಟ್ ಒತ್ತಿದೆ. ಗಣಿ ಮುಗಿಯಿತು.

ಸ್ವಲ್ಪ ಹೊತ್ತಿಗೆ ಮಾಸ್ತರರು ಕಣ್ಣು ಬಿಟ್ಟರು. ಹೊರಗೆ ಕೂತಿದ್ದ ಅವರ ಹೆಂಡತಿ ಒಳಗೆ ಓಡಿಬಂದಿದ್ದರು. "ರೀ, ನಾ ಯಾರಂತ ಗುರ್ತ ಸಿಗ್ತದೇನ್ರಿ?" ಎಂದು ಅಳುತ್ತ ಕೇಳಿದರು. ಮಾಸ್ತರರು ಅವರನ್ನು ದಾಟಿ ಫೋನ್ ನೋಡಿದರು.

"ಮೂರು ಡೈನಮೈಟ್ ಇದ್ವು. ಈಗ ಎರಡ ಅವ. ಒಂದು ಯಾರು ಖರ್ಚು ಮಾಡಿದ್ರು?"

ಹೆಂಡತಿ ಕಣ್ಣು ಒರೆಸಿಕೊಂಡು ಹುಡುಗಿಗೆ ಹೇಳಿದರು: "ಏನೂ ಆಗಿಲ್ಲ ಬಿಡವಾ. ಮನ್ಯಾಗೂ ಹಿಂಗೇ."

೩. ದಡ್ಡ ಆ್ಯಪ್

ಆ ದಿನವೇ ಮಾಸ್ತರರು ಸಣ್ಣ ದನಿಯಲ್ಲಿ ಹೇಳಿದರು: "ಸಾಕಾಗ್ಯಾದ್ರಿ ಟೇಲರ್ ಸಾಹೇಬ್ರ. ಇದರಾಗ ನೂರು ಗಣಿ ಅವ. ನೂರು ಮುಗದ ಮ್ಯಾಲ ನಾ ಬರಂಗಿಲ್ಲ."

"ಆಟಕ್ಕೇನ್ರಿ?"

"ಇಲ್ಲಿಗೆ."

ಬರದಿದ್ದರೆ ಏನಾಗುತ್ತದೆ ಎಂದು ನಮ್ಮ ವಾರ್ಡಿನಲ್ಲಿ ಯಾರೂ ಕೇಳುವುದಿಲ್ಲ. ಎಂಟೋ ಹತ್ತೋ ದಿನ, ಅಷ್ಟೇ. ಮನೆಯಲ್ಲಿ ಹೆಂಡತಿ ಅತ್ತರು, ಡಾಕ್ಟರು ತಮ್ಮ ಕೋಣೆಗೆ ಕರೆದು ತಿಳಿಸಿ ಹೇಳಿದರು. ಗಣಿತದ ಮನುಷ್ಯ, ಒಮ್ಮೆ ಉತ್ತರ ಬರೆದರೆ ಅಳಿಸುವವರಲ್ಲ. ಆಗ ನಾವಿದ್ದದ್ದು ಎಂಬತ್ತೆಂಟನೇ ಗಣಿಯಲ್ಲಿ.

ಹುಡುಗಿಗೆ ಹೇಳಿದೆ. ಆಕೆ ಯೋಚನೆ ಮಾಡಿ, "ಹಂಗಾರ ಗೆಲ್ಲಬ್ಯಾಡ್ರಿ" ಎಂದಳು.

ಆಟ ಈ ನಾಲ್ಕು ತಾಸಿಗಷ್ಟೇ ಎಂದು ಮಾಸ್ತರರು ಮನೆಯಲ್ಲಿ ಆಡುತ್ತಿರಲಿಲ್ಲ. ಅಂದಿನಿಂದ ಬಾಣ ಬಲಕ್ಕಿದ್ದರೆ ನಾನು ಎಡಕ್ಕೆ ಎಂದು ಓದಿದೆ. ಹತ್ತು ಸಲ ಸೋತ ಮೇಲೆ ಒಂದು ಸಲ ಗೆಲ್ಲಲು ಬಿಡುತ್ತಿದ್ದೆ. ಹೀಗೆ ಐದು ತಿಂಗಳು ಎಳೆದೆ. ಇದೆಲ್ಲ ಅವರ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ನಿಜವಾಗಿ ಅದರಲ್ಲಿ ಅರ್ಧ ನನ್ನ ಹೆದರಿಕೆ. ಅವರು ನಿಲ್ಲಿಸಿದರೆ ನಾನೂ ಇಲ್ಲಿಗೆ ಬರುವುದು ಬಿಟ್ಟೇನು ಎನಿಸುತ್ತಿತ್ತು.

"ಈ ಆ್ಯಪ್ ಮೊದಲ ಭಾಳ ಶ್ಯಾಣ್ಯಾ ಇತ್ತು. ಈಗ ಯಾಕ ಹಿಂಗ ದಡ್ಡ ಆಗ್ಯಾದ?" ಎಂದು ಮಾಸ್ತರರು ಕೇಳಿದರು.

"ಅಪ್‌ಡೇಟ್ ಆಗ್ಯಾದಂತ್ರಿ ಸರ."

"ಹಾಂ, ಆಗ್ತದ. ನಮ್ಮ ಸಾಲ್ಯಾಗ ಹೆಡ್ಮಾಸ್ತರ್ ಆದವರೆಲ್ಲ ಹಿಂಗೇ ಆಗ್ತಿದ್ರು."

೪. ಐದು ಕಾಯಿ

ಎದುರಿನ ಮಂಚದ ಅಕ್ಕ ಅಫಜಲಪುರ ಕಡೆಯ ಗೊಬ್ಬೂರಿನವರು, ಆಳಂದದಲ್ಲಿ ಮಗಳ ಮನೆಯಲ್ಲಿದ್ದು ಚಿಕಿತ್ಸೆ ಪಡೆಯುತ್ತಿದ್ದರು. ಅವರ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ. ಅದಕ್ಕೇ ನಮ್ಮ ಗುಟ್ಟನ್ನು ಅವರಿಗೆ ಹೇಳಿರಲಿಲ್ಲ. ನಾವು ಮಾಡಿದ ತಪ್ಪು ಅದೊಂದೇ.

ಒಂದು ಸೋಮವಾರ ಕೈಯ ನರ ತೋರಿಸಲು ನಾನು ಕಲಬುರಗಿಗೆ ಹೋಗಬೇಕಾಯಿತು, ಡಯಾಲಿಸಿಸ್ಸೂ ಅಲ್ಲೇ ಆಯಿತು. ಆ ದಿನ ಹುಡುಗಿಯೂ ರಜೆಯಲ್ಲಿದ್ದಳು, ನನ್ನ ಮಂಚ ಅಕ್ಕನಿಗೆ ಸಿಕ್ಕಿತು. ನೂರನೇ ಗಣಿ ನಡೆದಿತ್ತು. ಮಾಸ್ತರರು ಅಕ್ಕನ ಫೋನಿಗೇ ಬಾಣದ ಆ್ಯಪ್ ಹಾಕಿಸಿದರು. ಅಕ್ಕ ಬಾಣ ಎತ್ತ ತೋರಿಸಿತೋ ಅತ್ತಲೇ ಹೇಳಿದರು.

ಗುರುವಾರ ನಾನು ಬಂದಾಗ ಮಾಸ್ತರರ ಮಂಚಕ್ಕೆ ತೊಳೆದ ಚಾದರ ಹಾಸಿತ್ತು. ಮಾಸ್ತರರಿರಲಿಲ್ಲ.

"ಟೇಲರ್ ಅಣ್ಣಾ, ನಿಮಗ ಬಾಣ ಓದ್ಲಾಕ ಬರಂಗಿಲ್ಲೇನ್ರಿ?" ಅಕ್ಕ ನಗುತ್ತ ಕೂಗಿದರು. "ಒಂದೇ ದಿನದಾಗ ಗೆಲ್ಲಿಸಿದೆ ನೋಡ್ರಿ ಮಾಸ್ತರಿಗೆ!"

ಹುಡುಗಿ ಅವರ ಹತ್ತಿರ ಕೂತು ಎಲ್ಲ ಹೇಳಿದಳು. ಅಕ್ಕ ಹಣೆ ಬಡಿದುಕೊಂಡು ಅತ್ತರು. ಅತ್ತು ಮುಗಿದ ಮೇಲೆ, "ಮಾಸ್ತರು ಗೆಲ್ಲಲಿ ಅಂತ ಎಲ್ಲಮ್ಮಗ ಐದು ಕಾಯಿ ಬೇಡಿಕೊಂಡಿದ್ದೆನವಾ. ಈಗ ಒಡೀಲೋ ಬ್ಯಾಡೋ?" ಎಂದು ಕೇಳಿದರು.



೫. ಬೈಗುಳ

ನಾಲ್ಕು ದಿನ ಫೋನ್ ಮಾಡಿದೆ. "ಮಾತಾಡಂಗಿಲ್ಲ ಅಂತಾರ್ರಿ" ಎಂದು ಅವರ ಹೆಂಡತಿ ಪ್ರತಿ ಸಲ ಇಟ್ಟುಬಿಟ್ಟರು. ಅಂಗಡಿಯಲ್ಲಿ ಕೂತರೆ ಹೊಲಿಗೆ ನೆಟ್ಟಗೆ ಹೋಗಲಿಲ್ಲ. ಇನ್ನು ಅವರು ಹೋದಂತೆಯೇ ಎಂದು ಎಣಿಸಿ ಕೂತಿದ್ದೆ.

ಸೋಮವಾರ ನನಗೆ ಸೂಜಿ ಹಾಕಿ ಮುಗಿದಿತ್ತಷ್ಟೇ. ಬಾಗಿಲು ದಡಾರನೆ ತೆರೆಯಿತು. ಮಾಸ್ತರರು! ಮುಖ ಬಾತು ಕಣ್ಣು ಮುಚ್ಚಿದಂತಾಗಿತ್ತು, ಪಾದ ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ, ಎರಡು ಮಾತಿಗೊಮ್ಮೆ ಏದುಸಿರು. ನೆಟ್ಟಗೆ ನನ್ನ ಮಂಚಕ್ಕೆ ಬಂದರು.

"ನಾ ಡಯಾಲಿಸಿಸ್‌ಗೆ ಬಂದಿಲ್ಲ. ನಿಮಗ ಬೈಲಾಕ ಬಂದೀನಿ!"

ಮನೆಯಲ್ಲಿ ಬೇಸರಕ್ಕೆ ಎಂಬತ್ತೆಂಟನೇ ಗಣಿಯನ್ನು ಮತ್ತೆ ತೆಗೆದು, ಹೆಂಡತಿಯ ಫೋನಿಗೆ ಆ್ಯಪ್ ಹಾಕಿಸಿಕೊಂಡು ಆಡಿದ್ದರಂತೆ. ನನ್ನ ಜೊತೆ ಮೂರು ವಾರ ಹಿಡಿದಿದ್ದ ಗಣಿ ಅರ್ಧ ತಾಸಿಗೆ ಮುಗಿದಿತ್ತು. ಅದರ ಮುಂದಿನದೂ ಹಾಗೇ.

"ಐದು ತಿಂಗಳು! ಖೊಟ್ಟಿ ಬಾಣ ಹೇಳೀರಿ! ಪರೀಕ್ಷಾದಾಗ ಕಾಪಿ ಹಿಡಿಯೋದ್ರಾಗೇ ಕೂದಲು ಬೆಳ್ಳಗಾದ ಮನಷ್ಯಾ ನಾ, ನನಗೇ..." ಉಸಿರು ಸಾಲಲಿಲ್ಲ. ಮಂಚದ ಅಂಚು ಹಿಡಿದುಕೊಂಡರು.

ಹುಡುಗಿ ಅವರ ತೋಳು ಹಿಡಿದಳು. "ಬೈರಿ ಸರ, ಚಂದಾಗಿ ಬೈರಿ. ನಿಂತು ಬೈದ್ರ ದಮ್ಮು ಹತ್ತತದ. ಮಕ್ಕೊಂಡು ಬೈರಿ."

"ನಾ ಮಕ್ಕೊಳಂಗಿಲ್ಲ" ಎನ್ನುತ್ತಲೇ ಮಲಗಿದರು.

"ಕೈ ಕೊಡ್ರಿ."

"ಸೂಜಿ ಬ್ಯಾಡ."

"ಸೂಜಿ ಇಲ್ದವ್ರು ಮಂಚದ ಮ್ಯಾಲ ಇರೋಹಂಗಿಲ್ರಿ ಸರ. ರೂಲ್ಸ್ ಅದ."

ಅಂಥ ರೂಲ್ಸ್ ಎಲ್ಲೂ ಇಲ್ಲ. ಆದರೆ ಮಾಸ್ತರರು ರೂಲ್ಸ್ ಮುರಿದವರಲ್ಲ. ಬೈಗುಳ ನಿಲ್ಲಿಸದೆಯೇ ಚುಚ್ಚಿಸಿಕೊಂಡರು. ಸುಳ್ಳ, ಕಳ್ಳ, ಅಳತೆ ತಪ್ಪಿದ ಟೇಲರ್, ಏನೇನೋ ಅಂದರು. ನಾನು "ಹೌದ್ರಿ ಸರ, ಹೌದ್ರಿ ಸರ" ಎನ್ನುತ್ತ ಕಣ್ಣು ಒರೆಸಿಕೊಂಡೆ. ಬೈಸಿಕೊಳ್ಳುವುದು ಅಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದು ತಾಸಿಗೆ ಮಾತು ತೊದಲಿತು, ಅವರು ನಿದ್ದೆಹೋದರು.

ಸೂಜಿ ತೆಗೆದಾಗ ಎಚ್ಚರವಾಯಿತು. ಮುಖದ ಬಾವು ಇಳಿದಿತ್ತು, ಉಸಿರು ತನ್ನ ಹದಕ್ಕೆ ಬಂದಿತ್ತು. ಕರೆದೊಯ್ಯಲು ಒಳಗೆ ಬಂದ ಹೆಂಡತಿಯ ಹೆಗಲು ಹಿಡಿದು ಬಾಗಿಲತನಕ ಹೋದರು. ಅಲ್ಲಿ ನಿಂತು, ಹಿಂದೆ ತಿರುಗಿ, ನನ್ನತ್ತ ಬೆರಳು ತೋರಿಸಿದರು.

"ಇನ್ನೂ ಅರ್ಧಾ ಬೈಯೋದು ಉಳದದ. ಗುರುವಾರ ಎಲ್ಲಿಗೂ ಹೋಗಬ್ಯಾಡ್ರಿ."