ಆನೆಯ ಪಾಲಿನ ಹಲಸು

ಕಳ್ಳತನದಲ್ಲಿ ಎರಡು ಬಗೆ. ಒಡವೆ ಕದ್ದರೆ ಪಾಪ, ಗಿಡ ಕದ್ದರೆ ಬೇಸಾಯ. ಕೇಳಿ ತಂದ ಸಸಿ ಒಣಗುತ್ತದೆ, ಕದ್ದು ತಂದದ್ದು ಚಿಗುರುತ್ತದೆ ಎಂಬುದು ನಮ್ಮ ಪಾಂಡವಪುರದ ಕಡೆ ಎಲ್ಲರಿಗೂ ಗೊತ್ತು. ನಮ್ಮತ್ತೆ ಕರಿಬೇವಿನ ಗಿಡವನ್ನು ಸ್ವಂತ ತಂಗಿಯ ಹಿತ್ತಿಲಿನಿಂದ ಕದ್ದಿದ್ದರು. ತಂಗಿ ಅದನ್ನು ಕಂಡೂ ಅತ್ತ ತಿರುಗಿ ನಿಂತಿದ್ದಳಂತೆ. ಗಿಡ ಬದುಕಬೇಕಲ್ಲ.

ಏಳೆಂಟು ವರ್ಷದ ಹಿಂದೆ ಅರಣ್ಯ ಇಲಾಖೆಯವರು ನಮ್ಮೂರ ಗುಡ್ಡದಲ್ಲಿ ಆನೆಗಳಿಗೆಂದು ಬಿದಿರು, ಅತ್ತಿ, ಹಲಸು ನೆಡಿಸಿದರು. ಗುಡ್ಡದಲ್ಲೇ ಹೊಟ್ಟೆ ತುಂಬಿದರೆ ಆನೆ ಕಬ್ಬಿನ ಗದ್ದೆಗೆ ಇಳಿಯುವುದಿಲ್ಲವಂತೆ. ನಾನೂ ಪಕ್ಕದ ಮನೆಯ ನಿಂಗಿಯೂ ಕೂಲಿಗೆ ಹೋದೆವು. ಹಲಸಿನ ಸಸಿ ಕಂಡದ್ದೇ ನನ್ನ ಕೈ ತುರಿಸಿತು. ಕೊನೆಯ ದಿನ ಒಂದನ್ನು ಸೆರಗಿನೊಳಗೆ ಕಟ್ಟಿಕೊಂಡು ಇಳಿಯುವಾಗ ಕಾಡಿನ ವಾಚರ್ ಬಶೀರ ಎದುರಾದ.

"ಏನಜ್ಜಿ, ಒಟ್ಟೆ ಮುಂದಕ್ಕೆ ಬಂದೈತೆ?"

"ಎಲ್ಡು ಮುದ್ದೆ ಉಂಡಿವ್ನಿ ಕಣ್ಲಾ. ನಿಮ್ಮಪ್ಪನ ಮನೇದಾ?"

ಹಿಂದೆ ಬರುತ್ತಿದ್ದ ನಿಂಗಿಯ ಹೊಟ್ಟೆಯೂ ಮುಂದಿತ್ತು. ಆಮೇಲೆ ತಿಳಿಯಿತು, ಅವತ್ತು ಗುಂಪಿನ ಹೆಂಗಸರೆಲ್ಲ ಮುದ್ದೆ ಜಾಸ್ತಿ ಉಂಡಿದ್ದರು. ಬಿದಿರು ಗುಡ್ಡದಲ್ಲಿ ಉಳಿಯಿತು, ಹಲಸು ಊರಿಗೆ ಬಂತು.

ನನ್ನದು ಬಚ್ಚಲ ನೀರು ಕುಡಿದು ಕೊಬ್ಬಿ ಬೆಳೆಯಿತು. ಈ ವರ್ಷ ಮೊದಲ ಫಸಲು, ಒಂಬತ್ತು ಕಾಯಿ. ದಿನಾ ತಟ್ಟಿ ನೋಡುತ್ತಿದ್ದೆ. ನಾಳೆ ಇಳಿಸೋಣ ಎಂದುಕೊಂಡು ಬೆಳಗ್ಗೆ ಹೋದರೆ ಬೇಲಿ ಮಲಗಿದೆ, ಕೊಂಬೆ ಮುರಿದಿದೆ, ಒಂದು ಕಾಯಿಯೂ ಇಲ್ಲ. ತಿಂದದ್ದಕ್ಕೆ ಬದಲಾಗಿ ಆನೆ ಬುಟ್ಟಿ ತುಂಬುವಷ್ಟು ಲದ್ದಿ ಇಟ್ಟು ಹೋಗಿತ್ತು.

ಬಶೀರ ತನ್ನ ಸಾಹೇಬರನ್ನು ಕರೆತಂದ. ಅವರು ಪರಿಹಾರ ಕೊಡಿಸುತ್ತೇನೆಂದು ಅರ್ಜಿ ತೆಗೆದರು. "ಎಲ್ಲಿಂದ ತಂದ ಸಸಿ ಅಜ್ಜಿ? ನಮ್ಮ ನರ್ಸರಿ ಜಾತಿ ಇದ್ದ ಹಾಗಿದೆ."

ಬೇಲಿಯಾಚೆ ನಿಂಗಿ ಕೆಮ್ಮಿದಳು. ನನ್ನದು ಹೊರಬಿದ್ದರೆ ಅವಳದೂ ಬೀಳುತ್ತದೆ.

"ಬುಡಿ ಸ್ವಾಮಿ," ಅಂದೆ. "ಮೂಕಪ್ರಾಣಿ, ಅಸ್ಕೊಂಡು ಬಂದಿತ್ತು, ತಿಂತು. ಅದ್ಕೆ ಯಾತುಕ್ಕೆ ಅರ್ಜಿ?"

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಂಥ ಮನಸ್ಸು ಎಲ್ಲರಿಗೂ ಇದ್ದರೆ ಆನೆಗಳು ಉಳಿಯುತ್ತವೆ ಎಂದರು. ಬಶೀರ ಮಾತ್ರ ಮರವನ್ನೊಮ್ಮೆ, ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಮೆಲ್ಲಗೆ ಹೇಳಿದ: "ಆವತ್ತಿನ ಮುದ್ದೆ ಚೆಂದಾಗಿ ಬೇರ್ಬುಟ್ಟೈತೆ, ಅಜ್ಜಿ."

ಮುಂದಿನ ವಾರ ಸಾಹೇಬರು ಜೀಪಿನಲ್ಲಿ ಬಂದು ಊರೆದುರಿಗೆ ನನ್ನ ಕೈಗೊಂದು ಹಲಸಿನ ಸಸಿ ಕೊಟ್ಟರು. ಚಪ್ಪಾಳೆಯೂ ಆಯಿತು. ಬಚ್ಚಲ ನೀರು ಬಿಟ್ಟೆ, ಕುರಿಗೊಬ್ಬರ ಹಾಕಿದೆ, ಆನೆಯ ಲದ್ದಿಯನ್ನೂ ಹಾಕಿದೆ. ತಿಂಗಳೊಳಗೆ ಒಣಗಿ ಕಡ್ಡಿಯಾಯಿತು. ಮರ್ಯಾದೆಯಿಂದ ಕೊಟ್ಟ ಸಸಿ ಇನ್ನೇನಾದೀತು?

ಗುಡ್ಡದಲ್ಲಿ ಮತ್ತೆ ಹಲಸು ನೆಡಿಸುತ್ತಾರೆ, ಕೂಲಿಗೆ ಬಾ ಎಂದು ನಿನ್ನೆ ಬಶೀರ ಹೇಳಿಹೋದ. ಈ ಸಲ ಎರಡು ಕದಿಯಬೇಕು. ಒಂದು ನನ್ನ ಹಿತ್ತಿಲಿಗೆ. ಇನ್ನೊಂದನ್ನು ಮನೆತನಕ ತಂದು, ಮತ್ತೆ ಹೊತ್ತುಕೊಂಡು ಹೋಗಿ ಗುಡ್ಡದಲ್ಲೇ ನೆಡುತ್ತೇನೆ. ಕದಿಯದಿದ್ದರೆ ಆನೆಯದೂ ಒಣಗುತ್ತದೆ. ಬಶೀರ ಕೇಳಿದರೆ ನಾಲ್ಕು ಮುದ್ದೆ ಅನ್ನಬೇಕಾಗುತ್ತದೆ, ಅಷ್ಟೆ.