ಮಾವನ ಪಾತ್ರೆ ತೊಳೆಯುವ ಯಂತ್ರ

ನೂರೆಂಬತ್ತು ರೂಪಾಯಿ. ಬರೋಡಾದಿಂದ ತನ್ನ ದೇಶಕ್ಕೆ ಹೊರಟಿದ್ದ ವಿದೇಶಿ ಇಂಜಿನಿಯರೊಬ್ಬ ಮುನ್ನೂರು ಕೇಳಿದ್ದ. ಮುಚ್ಚಳದ ರಬ್ಬರು ಬಿರಿದಿದೆ, ಇದನ್ನು ರಿಪೇರಿ ಮಾಡುವವರು ಇಲ್ಲಿಲ್ಲ, ಬಿಟ್ಟುಹೋದರೆ ಕೋಳಿ ಸಾಕುವುದಕ್ಕೂ ಬರುವುದಿಲ್ಲ ಎಂದು ಹೇಳಿ ಹೇಳಿ ಇಳಿಸಿದವನು ನಾನು. ಹಳೆಯ ಸಾಮಾನಿನ ವ್ಯಾಪಾರವೇ ನನ್ನ ಅನ್ನ. ಆದರೆ ಈ ಪಾತ್ರೆ ತೊಳೆಯುವ ಯಂತ್ರ ಬೇಕಾಗಿದ್ದದ್ದು ಅಹಮದಾಬಾದಿನ ಮಣಿನಗರದಲ್ಲಿದ್ದ ನನ್ನ ಸೋದರಮಾವನಿಗೆ. ಅರವತ್ತರ ದಶಕ, ಇಡೀ ವಠಾರಕ್ಕೆ ಒಂದು ಫ್ರಿಜ್ ಇಲ್ಲ. ರೈಲ್ವೆ ಗುಮಾಸ್ತರಾಗಿದ್ದ ಮಾವ ಇಂಥದ್ದನ್ನು ಕೊಂಡರೆಂದರೆ ತಲೆ ನೆಟ್ಟಗಿತ್ತೇ? ಇರಲಿಲ್ಲ ಎಂದೇ ಎಲ್ಲರ ತೀರ್ಮಾನ.

ಕಾರಣ ಅತ್ತೆಯ ಕೈ. ಬೂದಿ, ಸೋಡಾ ಹಾಕಿ ತಿಕ್ಕಿ ತಿಕ್ಕಿ ಬೆರಳ ಸಂದುಗಳು ಬಿರಿದು, ಕೈಗೆ ಸದಾ ಪಟ್ಟಿ ಕಟ್ಟಿರುತ್ತಿತ್ತು. ಇನ್ನು ಮುಸುರೆ ಮುಟ್ಟಿದರೆ ಬೆರಳೇ ಹೋದೀತು ಎಂದಿದ್ದರು ಡಾಕ್ಟರು. ಕೆಲಸದವರು ಯಾರು ಬಂದರೂ ಅತ್ತೆ ಒಂದು ವಾರದಲ್ಲಿ ತಪ್ಪು ಹುಡುಕಿ ಓಡಿಸುತ್ತಿದ್ದರು. ತಾನೇ ತೊಳೆಯುತ್ತೇನೆ ಎಂದರು ಮಾವ.

"ಹೆಂಡ್ತಿ ಎಂಜಲು ತಟ್ಟೆ ಗಂಡ ತೊಳೆಯೋದಾ? ನನ್ನನ್ನ ಯಾವ ನರಕಕ್ಕೆ ಕಳಿಸ್ಬೇಕು ಅಂತಿದೀರಿ?"

ಹಾಗಾಗಿ ಯಂತ್ರ ಬಂತು. ಗುಂಡಗಿನ ಹಂಡೆ, ನಲ್ಲಿಗೊಂದು ಪೈಪು, ತಳದಲ್ಲಿ ನೀರು ಕಾಯಿಸುವ ಸುರುಳಿ, ನೀರೆರಚುವ ಫ್ಯಾನು. ಮಾವ ಇಸ್ತ್ರಿ ಷರಟು ತೊಟ್ಟು, ರೈಲು ಬಿಡುವವರ ಹಾಗೆ ಅದರ ಮುಂದೆ ನಿಲ್ಲುತ್ತಿದ್ದರು. ಎಷ್ಟು ಚೆನ್ನಾಗಿ ತೊಳೆಯುತ್ತಿತ್ತು ಎನ್ನುತ್ತೀರಾ? ಗಾಜಿನ ಲೋಟ, ಚಹದ ಕಪ್ಪು ಪಳಪಳ. ಆ ಊರಿನ ಉಪ್ಪುನೀರು ಬಿಟ್ಟ ಬಿಳಿ ಪೊರೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಅಲ್ಯೂಮಿನಿಯಂ ಕಪ್ಪಾಯಿತು, ಹಿತ್ತಾಳೆ ಮುಖ ಬಾಡಿಸಿತು. ಒಣಗಿದ ಅನ್ನದ ಅಗುಳಿಗೆ ಮಾತ್ರ ಅಭ್ಯಂಜನ: ಉಬ್ಬಿ, ಬೆಳ್ಳಗಾಗಿ, ಇದ್ದಲ್ಲೇ ಇರುತ್ತಿತ್ತು.

"ಏನು ಮಾವ, ಅಗುಳು ಹಾಗೇ ಇದೆಯಲ್ಲ?"

"ಇದ್ರೇನೋ? ಬಿಸಿನೀರಲ್ಲಿ ಮಿಂದಿದೆ. ನಿನಗಿಂತ ಮಡಿ."

ಇಷ್ಟಕ್ಕೇ ನಿಂತಿದ್ದರೆ ನಕ್ಕು ಬಿಡಬಹುದಿತ್ತು. ಒಂದು ಭಾನುವಾರ ಮಾವ ಪಕ್ಕದ ಮನೆಯ ಜೈನ ಗೃಹಿಣಿಯನ್ನು ಯಂತ್ರ ನೋಡಲು ಕರೆದರು. ಎಲ್ಲರೆದುರು ಮುಚ್ಚಳ ತೆಗೆದು, ಆವಿಯಾಡುವ ತಟ್ಟೆ ಎತ್ತಿ, ಅದಕ್ಕೇ ಕೇಸರಿಬಾತು ಬಡಿಸಿಕೊಟ್ಟರು. ಆಕೆ ಒಂದು ಚಮಚ ಬಾಯಿಗಿಟ್ಟು ತಟ್ಟೆಯನ್ನೇ ನೋಡಿದರು. ಮಡಿಸಿದ ಅಂಚಿನೊಳಗಿಂದ ಹಿಂದಿನ ದಿನದ ಹುಳಿಯ ಈರುಳ್ಳಿ ಚೂರೊಂದು ಇಣುಕುತ್ತಿತ್ತು. ಅವರ ಮನೆಯ ಹೊಸಿಲನ್ನು ಈರುಳ್ಳಿ ಎಂದೂ ದಾಟಿದ್ದಿಲ್ಲ.

ಆಕೆ ಬೈಯಲಿಲ್ಲ. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, "ಆಜೆ ಮಾರೆ ಉಪವಾಸ್ ಛೆ, ಭಾಯಿ," ಎಂದರು. ಇವತ್ತು ನನಗೆ ಉಪವಾಸ ಅಂತ.

ತುತ್ತು ನುಂಗಿದ ಮೇಲೆ ನೆನಪಾದ ಉಪವಾಸ! ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆವು. ಮಾವನ ಕಿವಿ ಕೆಂಡವಾಯಿತು. ನಾನು ನೆಲ ನೋಡಿದೆ. ಆಕೆ ಹೋದದ್ದೇ ತಡ, ಅತ್ತೆ ಸೋಡಾ ಡಬ್ಬಿ ಎಳೆದುಕೊಂಡು, "ಮಾನ ಹೋದ್ದು ಸಾಕು, ನಾನೇ ತಿಕ್ತೀನಿ," ಎಂದರು. ಮಾವ ಡಬ್ಬಿ ಕಿತ್ತುಕೊಂಡರು. ಆಮೇಲೆ ಬಹಳ ದಿನ, ಆಕೆಯ ಬಾಗಿಲು ತಪ್ಪಿಸಲು ಅವರು ವಠಾರ ಸುತ್ತಿ ಆಫೀಸಿಗೆ ಹೋಗುತ್ತಿದ್ದರು.

ನನಗೂ ಮುಖ ತೋರಿಸಲಾಗದೆ, ಯಂತ್ರಕ್ಕೆ ಸೂರತ್ತಿನಲ್ಲಿ ಗಿರಾಕಿ ಹುಡುಕಿಕೊಂಡೇ ಮತ್ತೆ ಹೋದೆ. ಹಿಂದಿನ ಬಚ್ಚಲಲ್ಲಿ ಮಾವ ಪಂಚೆ ಎತ್ತಿಕಟ್ಟಿ ಕುಳಿತು, ತೆಂಗಿನ ನಾರಿನಲ್ಲಿ ಅತ್ತೆಯ ತಟ್ಟೆ ತಿಕ್ಕುತ್ತಿದ್ದರು. ತೊಳೆದದ್ದನ್ನು ಒಂದೊಂದಾಗಿ ಯಂತ್ರದೊಳಗೆ ಜೋಡಿಸುತ್ತಿದ್ದರು.

"ತೊಳೆದಾಯ್ತಲ್ಲ ಮಾವ, ಇನ್ನು ಅದರೊಳಗೆ ಯಾಕೆ? ಗಿರಾಕಿ ಇದಾನೆ, ಮಾರಿಬಿಡೋಣ."

"ಮೆಲ್ಲಗೆ ಮಾತಾಡೋ. ತಿಕ್ಕಿಯೇ ಹಾಕ್ಬೇಕು, ಅದು ಮೆಷಿನ್ ರೂಲು ಅಂತ ನಿಮ್ಮತ್ತೆಗೆ ಹೇಳಿದೀನಿ. ರೂಲು ಅಂದ್ರೆ ಸುಮ್ನಿರ್ತಾಳೆ. ಇದು ಹೋಯ್ತು ಅಂದ್ರೆ ನನ್ನನ್ನ ಬಚ್ಚಲಿಗೇ ಬಿಡಲ್ಲ."

ಒಳಗೆ ಅತ್ತೆ ಚಪಾತಿ ಹಿಟ್ಟು ನಾದುತ್ತಿದ್ದರು. ಕೈಗೆ ಪಟ್ಟಿ ಇರಲಿಲ್ಲ. ಸೂರತ್ತಿನವನಿಗೆ ಯಂತ್ರ ಕೆಟ್ಟಿದೆ ಎಂದು ಹೇಳಿ ಕಳಿಸಿದೆ.

ಇಂಥದ್ದನ್ನು ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ. ಹೇಳಿದ ಬೆಲೆಯ ಅರ್ಧದಿಂದ ಶುರುಮಾಡಿ. ಹಿತ್ತಾಳೆ ಒಳಗಿಡಬೇಡಿ. ಉಂಡ ತಟ್ಟೆಯನ್ನು ಒಣಗಲು ಬಿಡದೆ ನೆನೆಸಿ, ಮನೆಯಾಕೆ ಉಂಡು ಕೈತೊಳೆದು ಬರುವುದರೊಳಗೆ ತಿಕ್ಕಿ ಮುಗಿಸಿ. ಆಮೇಲೆ ಗುಂಡಿ ಒತ್ತಿ.